ಜಿಲ್ಲಾಸ್ಪತ್ರೆಯ ಐಸಿಟಿಸಿ: ಬೋರ್ಡಿಗೆ ಸೊನ್ನೆ, ಒಳಗಿನ ಕೆಲಸಕ್ಕೆ ಪೂರ್ತಿ ಅಂಕ

ಐಸಿಟಿಸಿ ಅಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಟೆಸ್ಟ್, ಸಮಾಲೋಚನೆ ಎರಡೂ ಮಾಡುವ ಕೇಂದ್ರ. ಐದರಲ್ಲಿ ನಾಲ್ಕು ಸ್ಟಾರ್. ಕಡಿಮೆಯಾದ ಒಂದು ಸ್ಟಾರಿಗೂ ಒಳಗೆ ಕೂತು ಕೆಲಸ ಮಾಡುವವರಿಗೂ ಸಂಬಂಧವಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಊರಿನ ಹೆಸರು ಬರೆಯಲ್ಲ. ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ ಅಂದುಕೊಳ್ಳಿ. ನಂದು ಡಿಟಿಪಿ ಮತ್ತು ಪ್ರಿಂಟಿಂಗ್ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಫ್ಲೆಕ್ಸಿಗೆ ಕಟ್ಟುನಿಟ್ಟು ಶುರುವಾದಮೇಲೆ ಬಟ್ಟೆ ಬ್ಯಾನರು. ಊರು ಹೇಳಿದರೆ ಅಂಗಡಿ ಗೊತ್ತಾಗುತ್ತೆ, ಅಂಗಡಿ ಗೊತ್ತಾದರೆ ನಮ್ಮಮ್ಮನಿಗೆ ಗೊತ್ತಾಗುತ್ತೆ. ಎಚ್‌ಐವಿ ಟೆಸ್ಟ್ ಯಾಕೆ ಮಾಡಿಸಬೇಕಾಯ್ತು ಅನ್ನೋದು ಈ ರಿವ್ಯೂಗೆ ಬೇಕಿಲ್ಲ. ಮದುವೆಯಾಗದ ಗಂಡಸು, ಕಾಂಡೋಮ್ ಹರಿದಿತ್ತು. ಇಷ್ಟು ಸಾಕು.

ಜನ ಮಸಾಲೆದೋಸೆಗೆ ರಿವ್ಯೂ ಬರೀತಾರೆ, ಪಂಕ್ಚರ್ ಅಂಗಡಿಗೂ ಬರೀತಾರೆ. ಈ ಟೆಸ್ಟ್ ಮಾಡುವ ಜಾಗದ ಬಗ್ಗೆ ಮಾತ್ರ ಯಾರೂ ಬರೆಯಲ್ಲ. ನಾನು ರಾತ್ರಿ ಎರಡು ಗಂಟೆಗೆ ಮೊಬೈಲ್ ಹಿಡಿದು ಕನ್ನಡದಲ್ಲಿ ಹುಡುಕಿದಾಗ ಸಿಕ್ಕಿದ್ದು ಲಕ್ಷಣಗಳ ಪಟ್ಟಿ ಮತ್ತು ಹೆದರಿಸುವ ವಿಡಿಯೋಗಳು. ಬಾಗಿಲು ಎಲ್ಲಿದೆ, ಏನು ಕೇಳ್ತಾರೆ, ಎಷ್ಟು ಹೊತ್ತು ಕೂರಿಸ್ತಾರೆ ಅನ್ನೋದು ಒಂದು ಕಡೆಯೂ ಇರಲಿಲ್ಲ. ಅದಕ್ಕೇ ಬರೀತಿದ್ದೀನಿ.

ಮೊದಲು ಹೋಗಿದ್ದು ಇಲ್ಲಿಗಲ್ಲ, ಒಂದು ಖಾಸಗಿ ಲ್ಯಾಬಿಗೆ. ಹೆಸರು ಬೇಡ. ಮನೆಗೇ ಬಂದು ರಕ್ತ ತಗೊಂಡು ಹೋಗ್ತೀವಿ ಅಂದರು. ಮನೆಗೆ ಬೇಡ, ಅಂಗಡಿಗೂ ಬೇಡ ಅಂತ ನಾನೇ ಹೋದೆ. ಕೌಂಟರಿನ ಹುಡುಗ ಹೆಸರು ಕೇಳಿದ, ವಯಸ್ಸು ಕೇಳಿದ, ಯುಪಿಐ ಸ್ಕ್ಯಾನರ್ ತೋರಿಸಿದ. ಬರೀ ಎಚ್‌ಐವಿ ಮಾಡಿಸೋ ಬದಲು ಪ್ಯಾಕೇಜ್ ತಗೊಳ್ಳಿ ಸರ್, ಥೈರಾಯ್ಡ್, ವಿಟಮಿನ್ ಡಿ ಎಲ್ಲಾ ಬರುತ್ತೆ ಅಂದ. ಘಟನೆ ಯಾವತ್ತು ನಡೀತು ಅಂತ ಮಾತ್ರ ಅವನೂ ಕೇಳಲಿಲ್ಲ, ರಕ್ತ ತೆಗೆದವಳೂ ಕೇಳಲಿಲ್ಲ. ಆಗಿನ್ನೂ ಎರಡು ವಾರ ತುಂಬಿರಲಿಲ್ಲ.

ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್ ಬಂತು. ನಾನ್-ರಿಯಾಕ್ಟಿವ್, ಅಂದರೆ ಟೆಸ್ಟಿನಲ್ಲಿ ಸೋಂಕು ಸಿಗಲಿಲ್ಲ, ಮೌಲ್ಯ 0.14. ಒಂದಕ್ಕಿಂತ ಕಡಿಮೆ ಇದ್ದರೆ ನಾನ್-ರಿಯಾಕ್ಟಿವ್ ಅಂತ ಪಕ್ಕದಲ್ಲೇ ಇತ್ತು. ಕೆಳಗೆ, ಆರು ಪಾಯಿಂಟಿಗಿಂತ ದೊಡ್ಡದಲ್ಲದ ಅಕ್ಷರದಲ್ಲಿ, ತಿಳಿಬೂದು ಬಣ್ಣದಲ್ಲಿ, ವಿಂಡೋ ಪೀರಿಯಡ್‌ನಲ್ಲಿ ಈ ಫಲಿತಾಂಶ ಸೋಂಕನ್ನು ತಳ್ಳಿಹಾಕುವುದಿಲ್ಲ ಅನ್ನುವ ಅರ್ಥದ ಇಂಗ್ಲಿಷ್ ಸಾಲು. ವಿಂಡೋ ಪೀರಿಯಡ್ ಅಂದರೆ ಸೋಂಕು ತಗುಲಿದ್ದರೂ ಟೆಸ್ಟಿಗೆ ಇನ್ನೂ ಸಿಗದ ದಿನಗಳು. ಇಪ್ಪತ್ತು ನಿಮಿಷ ಖುಷಿಯಾಗಿದ್ದವನು ಆ ಸಾಲು ಓದಿ ಮತ್ತೆ ಎದ್ದು ಕೂತೆ. ಪ್ರಿಂಟಿಂಗ್ ಕೆಲಸದವನಾಗಿ ಹೇಳ್ತೀನಿ: ಯಾರೂ ಓದಬಾರದು ಅನ್ನೋ ಸಾಲನ್ನು ಮಾತ್ರ ಆ ಅಳತೆಯಲ್ಲಿ ಹಾಕ್ತಾರೆ. ಅದೇ ಲ್ಯಾಬಿನಲ್ಲಿ ಕೆಲವು ದಿನ ಬಿಟ್ಟು ಮತ್ತೆ ಮಾಡಿಸಿದೆ. ಮೌಲ್ಯ 0.22 ಬಂತು. ನಾನ್-ರಿಯಾಕ್ಟಿವ್ ಅನ್ನೋ ಪದ ನನ್ನ ಕಣ್ಣಿಗೆ ಬೀಳಲೇ ಇಲ್ಲ. 0.14 ಇದ್ದದ್ದು 0.22 ಆಗಿದೆ, ಏರ್ತಾ ಇದೆ, ಇದೊಂದೇ ತಲೆಯಲ್ಲಿ. ಲ್ಯಾಬಿಗೆ ಫೋನ್ ಮಾಡಿದರೆ ಡಾಕ್ಟರಿಗೆ ತೋರಿಸಿ ಸರ್ ಅಂದರು. ದುಡ್ಡಿಗೆ ತಕ್ಕ ಮಿಷನ್ ಅವರ ಹತ್ತಿರ ಇದೆ, ಅದರಲ್ಲಿ ಅನುಮಾನ ಇಲ್ಲ. ವಿವರಿಸಿ ಹೇಳೋ ಮನುಷ್ಯರಿಲ್ಲ.

ಐಸಿಟಿಸಿ ಗೊತ್ತಾಗಿದ್ದು ನನ್ನದೇ ಕಂಪ್ಯೂಟರಿನಿಂದ. ಡಿಸೆಂಬರ್ 1ರ ಏಡ್ಸ್ ದಿನದ ಜಾಥಾಗೆ ಹಿಂದೊಮ್ಮೆ ನಾನೇ ಬ್ಯಾನರ್ ಮಾಡಿಕೊಟ್ಟಿದ್ದೆ. ಫೈಲ್ ತೆಗೆದು ನೋಡಿದರೆ ಕೆಂಪು ರಿಬ್ಬನ್ನಿನ ಕೆಳಗೆ 1097, ಉಚಿತ ಸಹಾಯವಾಣಿ. ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಜಿಲ್ಲಾಸ್ಪತ್ರೆಗೆ ಹೋಗಿ, ಐಸಿಟಿಸಿ ಅಂತ ಕೇಳಿ, ಟೆಸ್ಟು ಸಮಾಲೋಚನೆ ಎರಡೂ ಉಚಿತ, ಗುಟ್ಟಾಗಿಡ್ತಾರೆ ಅಂದರು. ತಾಲ್ಲೂಕು ಆಸ್ಪತ್ರೆಗಳಲ್ಲೂ ಇರುತ್ತೆ, ಊರಲ್ಲಿ ಮುಜುಗರ ಅನಿಸಿದರೆ ಪಕ್ಕದ ಊರಿಗೆ ಹೋಗಬಹುದು ಅಂತಲೂ ಹೇಳಿದರು.

ಕೋಣೆ ಹುಡುಕೋದು ಮಾತ್ರ ದೊಡ್ಡ ಸಾಹಸ. ಮುಖ್ಯ ದ್ವಾರದ ಬೋರ್ಡಿನಲ್ಲಿ ಐಸಿಟಿಸಿ ಅಂತ ಇದೆ, ಬಾಣದ ಗುರುತು ಬಲಕ್ಕೆ. ಬಲಕ್ಕೆ ಹೋದರೆ ಎಕ್ಸ್‌ರೇ. ಅಲ್ಲಿಂದ ಮುಂದೆ ಯಾವ ಬೋರ್ಡೂ ಇಲ್ಲ. ಎಚ್‌ಐವಿ ಟೆಸ್ಟ್ ಎಲ್ಲಿ ಅಂತ ಬಾಯಿಬಿಟ್ಟು ಕೇಳೋ ಧೈರ್ಯ ಇದ್ದಿದ್ದರೆ ನನಗೆ ಬೋರ್ಡ್ ಯಾಕೆ ಬೇಕಿತ್ತು? ಹೆರಿಗೆ ವಾರ್ಡಿನ ಕಡೆ ಹೋಗಿ, ಔಷಧಿ ಕೊಡೋ ಕಿಟಕಿಯ ಸಾಲು ದಾಟಿ, ಕೊನೆಗೆ ನೆಲ ಒರೆಸ್ತಿದ್ದ ಒಬ್ಬ ಅಜ್ಜಿ ನನ್ನ ಮುಖ ನೋಡಿಯೇ, "ಹನ್ನೆರಡನೇ ರೂಮಾ? ಹಿಂದ್ಗಡೆ ಹೋಗಪ್ಪ" ಅಂದರು. ಬಾಗಿಲ ಮೇಲಿನ ಹಾಳೆಯಲ್ಲಿ 'ಸಮಾಲೋಚನೆ' ಅನ್ನೋದರ ಒಂದು ಅಕ್ಷರ ಉದುರಿಹೋಗಿತ್ತು. ಕಡಿಮೆಯಾದ ಸ್ಟಾರ್ ಇದೇ.

ಬೆಂಚಿನ ಬಗ್ಗೆ ನನಗೆ ತುಂಬಾ ಭಯ ಇತ್ತು. ಅಲ್ಲಿ ಕೂತರೆ ಎಲ್ಲರಿಗೂ ಗೊತ್ತಾಗುತ್ತೆ, ಯಾರೋ ಗಿರಾಕಿ ನೋಡ್ತಾನೆ ಅಂತ. ನೋಡಿದರೆ ಬೆಂಚಿನ ತುಂಬ ತಾಯಿ ಕಾರ್ಡ್ ಹಿಡಿದ ಬಸುರಿ ಹೆಣ್ಣುಮಕ್ಕಳು, ಜೊತೆಗೆ ಅವರ ಅತ್ತೆಯಂದಿರು. ಬಸುರಿಯರಿಗೆಲ್ಲ ಈ ಟೆಸ್ಟ್ ಮಾಡಿಸ್ತಾರೆ, ತಾಯಿಯಿಂದ ಮಗುವಿಗೆ ಹೋಗದಂತೆ ತಡೆಯೋಕೆ. ಹರ್ನಿಯಾ ಆಪರೇಷನ್ನಿಗೆ ಬಂದ ಒಬ್ಬ ರೈತರಿದ್ದರು. ಕ್ಷಯದ ಚಿಕಿತ್ಸೆ ಶುರು ಮಾಡಿದ ಒಬ್ಬ ಹುಡುಗ ಇದ್ದ. ಟಿಬಿ ಇರುವವರಿಗೂ ಎಚ್‌ಐವಿ ನೋಡ್ತಾರೆ. ಆ ಬೆಂಚಿನ ಮೇಲೆ ಕೂತವರನ್ನು ನೋಡಿ ಯಾರು ಯಾಕೆ ಬಂದಿದ್ದಾರೆ ಅಂತ ಹೇಳೋಕೆ ಸಾಧ್ಯವೇ ಇಲ್ಲ. ಪಕ್ಕದಲ್ಲಿದ್ದ ಅತ್ತೆಯೊಬ್ಬರು ನನ್ನನ್ನು ಯಾರದೋ ಗಂಡ ಅಂದುಕೊಂಡು, "ಎಷ್ಟನೇ ತಿಂಗಳು?" ಅಂತ ಕೇಳಿದರು. ಏಳು ಅಂದೆ.

ಒಳಗೆ ಕೌನ್ಸೆಲರ್ ಮೇಡಂ. ನಲವತ್ತೈದರ ಆಸುಪಾಸು, ಎದುರಿಗೆ ದಪ್ಪ ರಿಜಿಸ್ಟರ್. ಬಾಗಿಲು ಹಾಕಿಕೊಂಡು ಬನ್ನಿ ಅಂದರು. ಒಪಿಡಿ ಚೀಟಿ ಕೇಳಲಿಲ್ಲ, ನನ್ನ ಹತ್ತಿರ ಆಧಾರ್ ಕೂಡ ಕೇಳಲಿಲ್ಲ. ಹೆಸರು, ವಯಸ್ಸು, ಊರು ಬರೆದುಕೊಂಡು ಒಂದು ನಂಬರ್ ಕೊಟ್ಟರು, ಲ್ಯಾಬಿಗೆ ಹೋಗಿದ್ದು ಆ ನಂಬರು. ಗೋಡೆ ಮೇಲೆ 2017ರ ಎಚ್‌ಐವಿ ಕಾಯ್ದೆಯ ಪೋಸ್ಟರ್ ಇತ್ತು. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ, ಎಚ್‌ಐವಿ ಇದೆ ಅಂತ ಕೆಲಸದಿಂದ ತೆಗೆಯುವಂತಿಲ್ಲ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಪೋಸ್ಟರಿನ ಅಕ್ಷರಜೋಡಣೆ ಚೆನ್ನಾಗಿತ್ತು, ನಮ್ಮೂರಿನದಲ್ಲ.

ಮೇಡಂ ಕೇಳಿದ ಮೊದಲ ಪ್ರಶ್ನೆ: "ಯಾವತ್ತು?"

ಯಾರ ಜೊತೆ ಅಲ್ಲ, ಯಾಕೆ ಅಲ್ಲ. ತಾರೀಖು ಹೇಳಿದೆ. ಅದಾದ ಮೇಲೆ ಮತ್ತೆ ಏನಾದರೂ ಆಗಿದೆಯಾ, ಇದೇ ಕೊನೆಯದಾ ಅಂತ ಕೇಳಿದರು. ಕೊನೆಯ ಸಲದಿಂದಲೇ ಲೆಕ್ಕ ಅಂತೆ. ಗೋಡೆಯ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಹಾಕಿ ಪೆನ್ನಿನ ತುದಿಯಲ್ಲಿ ದಿನ ಎಣಿಸಿದರು. ನಂತರ ನಾನು ತಂದಿದ್ದ ಪಿಡಿಎಫ್ ಪ್ರಿಂಟ್ ನೋಡಿ, "ಇದು ಸುಳ್ಳು ರಿಪೋರ್ಟ್ ಅಲ್ಲ, ಬೇಗ ಬಂದ ರಿಪೋರ್ಟು" ಅಂದರು.

ಅವರು ಹೇಳಿದ್ದನ್ನೂ ನಾನು ಆಮೇಲೆ ಓದಿ ತಾಳೆ ನೋಡಿದ್ದನ್ನೂ ಸೇರಿಸಿ ಇಲ್ಲಿ ಹಾಕ್ತೀನಿ. ರಿವ್ಯೂ ಓದಿ ಬೇರೇನೂ ನೆನಪಿಟ್ಟುಕೊಳ್ಳದಿದ್ದರೂ ಇದನ್ನು ಇಟ್ಟುಕೊಳ್ಳಿ.

ವೈರಸ್ ಒಳಗೆ ಹೋದ ಮೊದಲ ಹತ್ತು ದಿನದ ಹೊತ್ತು ಯಾವ ಟೆಸ್ಟೂ ಏನೂ ಹಿಡಿಯಲ್ಲ. "ನಿನ್ನೆ ಬಿತ್ತಿದ ಹೊಲಕ್ಕೆ ಇವತ್ತು ಹೋಗಿ ಮೊಳಕೆ ಇಲ್ಲ ಅಂದ್ರೆ ಏನ್ ಗೊತ್ತಾಗುತ್ತೆ?" ಅಂದರು ಮೇಡಂ. ಆಮೇಲೆ ರಕ್ತದಲ್ಲಿ ಮೊದಲು ಕಾಣೋದು ವೈರಸ್ಸಿನ ತಳಿವಸ್ತು ಆರ್‌ಎನ್‌ಎ, ನಂತರ ಅದರ ಪಿ24 ಅನ್ನೋ ಪ್ರೋಟೀನು, ಕೊನೆಗೆ ವೈರಸ್ ವಿರುದ್ಧ ನಮ್ಮ ದೇಹವೇ ತಯಾರಿಸುವ ಆಂಟಿಬಾಡಿ. ಯಾವ ಟೆಸ್ಟ್ ಇದರಲ್ಲಿ ಯಾವುದನ್ನು ಹುಡುಕುತ್ತೆ ಅನ್ನೋದರ ಮೇಲೆ ದಿನದ ಲೆಕ್ಕ. ಆರ್‌ಎನ್‌ಎ ಹುಡುಕುವ ನ್ಯಾಟ್ ಟೆಸ್ಟ್ 10ರಿಂದ 33 ದಿನದಲ್ಲಿ ಹಿಡಿಯುತ್ತೆ. ತೋಳಿನ ನರದಿಂದ ರಕ್ತ ತೆಗೆದು ಲ್ಯಾಬಿನ ಮಿಷನ್ನಿನಲ್ಲಿ ಪಿ24, ಆಂಟಿಬಾಡಿ ಎರಡನ್ನೂ ನೋಡುವ ನಾಲ್ಕನೇ ತಲೆಮಾರಿನ ಟೆಸ್ಟಿಗೆ 18ರಿಂದ 45 ದಿನ. ಬರೀ ಆಂಟಿಬಾಡಿ ನೋಡುವ ಟೆಸ್ಟಿಗೆ 23ರಿಂದ 90 ದಿನ. ಇವು ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಡುವ ಅಂಕಿಗಳು. ಈ ಸಾಲುಗಳಲ್ಲಿ ಮೊದಲ ಅಂಕಿ ನೋಡಿ ಕುಣಿಯಬಾರದು. ಅಷ್ಟು ಬೇಗ ಕೆಲವರಲ್ಲಿ ಮಾತ್ರ ಸಿಗುತ್ತೆ, ನೆಗೆಟಿವ್ ಅಂತ ನಂಬೋಕೆ ಎರಡನೇ ಅಂಕಿ ದಾಟಿರಬೇಕು. ಬಹಳ ಜನಕ್ಕೆ ಮೊದಲ ತಿಂಗಳ ಆಚೀಚೆಯೇ ಆಂಟಿಬಾಡಿ ಬಂದಿರುತ್ತೆ. 90 ದಿನ ಅನ್ನೋದು ತಡವಾಗಿ ಬರುವವರನ್ನೂ ಸೇರಿಸಿಕೊಂಡ ಗಡುವು.

ನಮ್ಮ ಕಡೆ ಇನ್ನೂ ಆರು ತಿಂಗಳು ಕಾಯಬೇಕು ಅಂತಾರಲ್ಲ, ಅದು ಹಳೇ ಕಾಲದ ಕಿಟ್ಟುಗಳ ಲೆಕ್ಕ ಅಂದರು. ಘಟನೆಯಾದ 72 ಗಂಟೆಯೊಳಗೆ ಪಿಇಪಿ, ಅಂದರೆ ಸೋಂಕು ಹಿಡಿಯದಂತೆ ತಡೆಯುವ ತುರ್ತು ಮಾತ್ರೆ, ಶುರು ಮಾಡಿ 28 ದಿನ ತಗೊಂಡವರ ಲೆಕ್ಕ ಬೇರೆ, ಆ ಔಷಧಿ ಆಂಟಿಬಾಡಿ ಬರೋದನ್ನು ತಡ ಮಾಡಬಹುದು, ಅವರು ಡಾಕ್ಟರ್ ಹೇಳಿದ ದಿನಕ್ಕೇ ಬರಬೇಕು. ನಾನು ಹೋದಾಗ ಆ 72 ಗಂಟೆ ಎಂದೋ ಕಳೆದಿತ್ತು. ಇದನ್ನು ಓದ್ತಿರುವ ಯಾರಿಗಾದರೂ ನಿನ್ನೆ ಮೊನ್ನೆ ಆಗಿದ್ದರೆ ರಿವ್ಯೂ ಇಲ್ಲಿಗೇ ನಿಲ್ಲಿಸಿ, ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಪಿಇಪಿ ಬಗ್ಗೆ ಕೇಳಿ. ಒಂದೊಂದು ಗಂಟೆ ತಡವಾದಷ್ಟೂ ಅದರ ಉಪಯೋಗ ಕಡಿಮೆ.

ನನ್ನ 0.14 ಮತ್ತು 0.22ರ ವಿಚಾರ ಬಗೆಹರಿಸಿದ್ದು ಲ್ಯಾಬ್ ಟೆಕ್ನೀಷಿಯನ್. ಮೇಡಂ ಅವರನ್ನೇ ಕರೆದು ಕೇಳಿಸಿದರು. ಮಿಷನ್ನು ಪ್ರತಿ ಸಲ ಬೆಳಕನ್ನು ಅಳೆದು ಒಂದು ಅಂಕಿ ಕೊಡುತ್ತೆ, ಒಂದೇ ರಕ್ತವನ್ನು ಎರಡು ಸಲ ಹಾಕಿದರೂ ಅಂಕಿ ಒಂದೇ ಬರಲ್ಲ, ಕಟ್ಆಫ್‌ನ ಕೆಳಗೆ ಅದು ಎಷ್ಟಿದ್ದರೂ ಅರ್ಥ ಒಂದೇ ಅಂದರು. "ಸರ್, ಒಂದರ ಕೆಳಗೆ ಹತ್ತುತ್ತೆ ಇಳಿಯುತ್ತೆ, ಅದನ್ನ ನೋಡ್ಬೇಡಿ." ಇಡೀ ಒಂದು ವಾರ ನಿದ್ದೆಗೆಡಿಸಿದ ಪ್ರಶ್ನೆಗೆ ಉತ್ತರ ಅಷ್ಟೇ. ದುಡ್ಡು ತಗೊಂಡವರು ಈ ಒಂದು ಸಾಲನ್ನು ಫೋನಿನಲ್ಲಿ ಹೇಳಬಹುದಿತ್ತು.

ಮೇಡಂ ಇನ್ನೊಂದು ಮಾತು ಕೇಳಿದರು, ಯಾರಾದರೂ ರಕ್ತದಾನ ಮಾಡು, ಅಲ್ಲಿ ಬಿಟ್ಟಿ ಟೆಸ್ಟ್ ಮಾಡ್ತಾರೆ ಅಂತ ಹೇಳಿದ್ದಾರಾ? ಹೇಳಿದ್ದ, ಒಬ್ಬ ಗೆಳೆಯ. ಅಲ್ಲಿಯವರೆಗೆ ಮೆತ್ತಗೆ ಮಾತಾಡ್ತಿದ್ದ ಮೇಡಂ ಇಲ್ಲಿ ಗದರಿಸಿದರು. ರಕ್ತನಿಧಿಯಲ್ಲಿ ಎಚ್‌ಐವಿ ನೋಡಲೇಬೇಕು, ನೋಡ್ತಾರೆ, ಆದರೆ ವಿಂಡೋ ಪೀರಿಯಡ್‌ನಲ್ಲಿರುವ ರಕ್ತ ಆ ಟೆಸ್ಟಿನಿಂದಲೂ ತಪ್ಪಿಸಿಕೊಳ್ಳಬಹುದು, ನ್ಯಾಟ್ ಎಲ್ಲ ಕಡೆ ಇಲ್ಲ. ನಿಮ್ಮ ಸಮಾಧಾನಕ್ಕೆ ಯಾವುದೋ ಬಾಣಂತಿಗೆ ಆ ರಕ್ತ ಹೋಗಬೇಕಾ ಅಂದರು. ಮೂರು ತಿಂಗಳು ರಕ್ತ ಕೊಡಬಾರದು, ಯಾರ ಜೊತೆಗಾದರೂ ಸೇರೋದಿದ್ದರೆ ಕಾಂಡೋಮ್ ಬಿಡಬಾರದು ಅಂತ ಹೇಳಿ ಡ್ರಾಯರಿನಿಂದ ಕಾಂಡೋಮಿನ ಒಂದು ಪಟ್ಟಿ ತೆಗೆದು ಕೊಟ್ಟರು. ಸರ್ಕಾರಿ ಕಾಂಡೋಮಿನ ಕವರ್ ಡಿಸೈನ್ ಬಗ್ಗೆ ನನಗೊಂದು ಅಭಿಪ್ರಾಯ ಇದೆ, ಇಲ್ಲಿ ಬೇಡ.

ರಕ್ತ ತೆಗೆಯೋ ಮೊದಲು ಇನ್ನೂ ಒಂದು ಪ್ರಶ್ನೆ ಕೇಳಿದರು. "ಪಾಸಿಟಿವ್ ಬಂದ್ರೆ ಮೊದಲು ಯಾರಿಗೆ ಹೇಳ್ತೀರಿ?"

ಇದಕ್ಕೆ ನಾನು ತಯಾರಿರಲಿಲ್ಲ. ಗೂಗಲ್ ಯಾವತ್ತೂ ಹೀಗೆ ಕೇಳಿರಲಿಲ್ಲ. ಅಮ್ಮನಿಗೆ ಆಗಲ್ಲ, ಆ ದಿನಗಳಲ್ಲೇ ಒಂದು ಜಾತಕ ಹೊಂದಿದೆ ಅಂತ ಹಿಡಕೊಂಡು ಓಡಾಡ್ತಿದ್ದರು. ಸುಮಾರು ಹೊತ್ತು ಸುಮ್ಮನಿದ್ದು ಅಕ್ಕನಿಗೆ ಅಂದೆ. ಅಕ್ಕ ಎಲ್ಲಿದ್ದಾರೆ, ಫೋನ್ ಮಾಡಿದರೆ ಬರ್ತಾರಾ, ಕೂಗಾಡ್ತಾರಾ ಅಂತೆಲ್ಲ ಕೇಳಿ, ಆಯ್ತು ಅಕ್ಕನಿಗೆ ಹೇಳೋಣ ಅಂದರು. ಆ ಬಹುವಚನದಲ್ಲಿ ಎಷ್ಟು ಧೈರ್ಯ ಬಂತು ಅಂತ ವಿವರಿಸೋಕೆ ಬರಲ್ಲ. ಎದುರುಗಡೆ ಕಟ್ಟಡದಲ್ಲೇ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರ ಇದೆ ಅಂತ ಕಿಟಕಿಯಿಂದ ತೋರಿಸಿದರು. ಈಗ ಪಾಸಿಟಿವ್ ಅಂದ ಕೂಡಲೇ ಉಚಿತವಾಗಿ ಔಷಧಿ ಶುರು ಮಾಡ್ತಾರೆ, 2017ರಿಂದ ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಲೆಕ್ಕ) ಇಳಿಯೋವರೆಗೂ ಕಾಯೋದಿಲ್ಲ. ಬಹುಪಾಲು ಜನಕ್ಕೆ ದಿನಕ್ಕೆ ಒಂದು ಮಾತ್ರೆ. ಸರಿಯಾಗಿ ನುಂಗಿ ವೈರಸ್ ಟೆಸ್ಟಿಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡಲ್ಲ. ಮದುವೆ, ಮಕ್ಕಳು ಎಲ್ಲಾ ಆಗುತ್ತೆ ಅಂದರು. ನಾನು ಪಾಸಿಟಿವ್ ಅಂದರೆ ಅಲ್ಲಿಗೆ ಕಥೆ ಮುಗೀತು ಅಂದುಕೊಂಡಿದ್ದವನು. ಅಲ್ಲಿಂದ ಮುಂದೆ ಒಂದು ಕಟ್ಟಡ ಇದೆ, ಅದಕ್ಕೆ ಹೊರಗೆ ಸೈಕಲ್ ಸ್ಟ್ಯಾಂಡ್ ಇದೆ, ಜನ ಮಾತ್ರೆ ತಗೊಂಡು ತರಕಾರಿ ಚೀಲ ಹಿಡಿದು ಮನೆಗೆ ಹೋಗ್ತಿದ್ದಾರೆ ಅಂತ ಕಣ್ಣಾರೆ ನೋಡಿದ್ದು ಅವತ್ತೇ.

ರಕ್ತ ತೆಗೆದಿದ್ದು ನೋವಾಗಲಿಲ್ಲ. ಹೊಸ ಸೂಜಿಯ ಪ್ಯಾಕೆಟ್ಟನ್ನು ನನ್ನ ಎದುರೇ ಹರಿದರು. ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ, ತಿಂಡಿ ತಿಂದಿದ್ದರೂ ಫಲಿತಾಂಶಕ್ಕೆ ಏನೂ ಆಗಲ್ಲ. ಟೆನ್ಷನ್ನಿನಿಂದ ರಿಪೋರ್ಟ್ ತಪ್ಪು ಬರುತ್ತಾ ಅಂತ ಕೇಳಿದೆ. ಬರಲ್ಲ ಸರ್, ಹಾಗಾದರೆ ಇಲ್ಲಿ ಎಲ್ಲರದ್ದೂ ತಪ್ಪೇ ಬರಬೇಕಿತ್ತು ಅಂದರು ಟೆಕ್ನೀಷಿಯನ್. ಇಲ್ಲಿ ಬಳಸೋದು ಆಂಟಿಬಾಡಿ ಹುಡುಕುವ ರಾಪಿಡ್ ಕಿಟ್. ಮೊದಲ ಕಿಟ್ಟಿನಲ್ಲಿ ಏನೂ ಬರದಿದ್ದರೆ ನೆಗೆಟಿವ್ ಅಂತ ಬರೀತಾರೆ. ಬಂದರೆ ಬೇರೆ ಬೇರೆ ರೀತಿಯ ಇನ್ನೆರಡು ಕಿಟ್ಟುಗಳಲ್ಲಿ ನೋಡ್ತಾರೆ, ಮೂರರಲ್ಲೂ ಬಂದರೆ ಮಾತ್ರ ಪಾಸಿಟಿವ್. ಹೊರಗಡೆ ಲ್ಯಾಬಿನಲ್ಲಿ ಒಂದೇ ಟೆಸ್ಟ್ ಮಾಡಿ ರಿಯಾಕ್ಟಿವ್ ಅಂತ ಕೊಟ್ಟ ಚೀಟಿ ಹಿಡಿದು ಅಳ್ತಾ ಬರುವವರಲ್ಲಿ ಕೆಲವರದು ಇಲ್ಲಿ ನೆಗೆಟಿವ್ ಆಗಿ ಹೋಗುತ್ತಂತೆ. ಯಾವುದೇ ಒಂದು ಕಿಟ್ಟನ್ನು ನಂಬಿ ಕೂರಬಾರದು ಅನ್ನೋದಕ್ಕೇ ಈ ಮೂರರ ಏರ್ಪಾಡು.

ಕಾಯೋದಕ್ಕೆ ಒಂದು ಗಂಟೆಯ ಹತ್ತಿರ ಹಿಡೀತು. ಈ ಒಂದು ಗಂಟೆಯ ಬಗ್ಗೆ ಹೆಚ್ಚು ಬರೆಯಲ್ಲ. ಹೊರಗೆ ಟೀ ಅಂಗಡಿ ಇದೆ, ಟೀ ಚೆನ್ನಾಗಿಲ್ಲ, ಹೋಗಿ. ಮೊಬೈಲ್ ಮಾತ್ರ ಜೇಬಿನಲ್ಲಿರಲಿ.

ಫಲಿತಾಂಶ ನೆಗೆಟಿವ್. ಮೇಡಂ ಚೀಟಿ ಕೊಡುತ್ತಾ ಅದರ ಹಿಂದೆ ಪೆನ್ನಿನಲ್ಲಿ ಒಂದು ತಾರೀಖು ಬರೆದರು, ಮೂರು ತಿಂಗಳು ತುಂಬಿದ ಮೇಲಿನ ಒಂದು ಮಂಗಳವಾರ. "ಅಲ್ಲೀವರೆಗೆ ಎಲ್ಲೂ ಮಾಡಿಸ್ಬೇಡಿ. ಮಾಡಿಸಿದ್ರೂ ನಿಮಗೆ ಸಮಾಧಾನ ಆಗಲ್ಲ, ನನಗೆ ಗೊತ್ತು" ಅಂದರು. ಸೋಮವಾರ ಯಾಕೆ ಬೇಡ ಅಂದರೆ ಸೋಮವಾರ ರಶ್ಶು.

ಟೆಸ್ಟಿನ ರಿವ್ಯೂ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಷ್ಟ ಇದ್ದದ್ದು ಆ ಮಂಗಳವಾರ ಬರೋವರೆಗಿನ ವಾರಗಳಲ್ಲಿ. ಕನ್ನಡಿ ಮುಂದೆ ನಿಂತು ಕುತ್ತಿಗೆಯ ಗಂಟು ಒತ್ತಿ ನೋಡೋದು, ಒತ್ತಿ ಒತ್ತಿಯೇ ಅದು ನೋಯೋದು, ನೋವಾಗ್ತಿದೆ ಅಂತ ಇನ್ನಷ್ಟು ಹೆದರೋದು. ನಾಲಿಗೆ ಬೆಳ್ಳಗಿದೆಯಾ ಅಂತ ಮೊಬೈಲ್ ಟಾರ್ಚ್ ಬಿಡೋದು. ಅಂಗಡಿ ಹುಡುಗ, "ಅಣ್ಣಾ, ಥರ್ಮಾಮೀಟರ್ ಯಾಕೆ ಪೆನ್ ಸ್ಟ್ಯಾಂಡಲ್ಲಿದೆ?" ಅಂತ ಕೇಳಿದ. ಒಂದು ಮದುವೆ ಕಾರ್ಡಿನಲ್ಲಿ ವರನ ತಂದೆಯ ಹೆಸರಿನ ಜಾಗದಲ್ಲಿ ವಧುವಿನ ತಂದೆಯ ಹೆಸರು ಹೋಯ್ತು, ಪ್ರೂಫಿನಲ್ಲಿ ಸಿಕ್ಕಿತು ಪುಣ್ಯ. ಎಚ್‌ಐವಿ ತಗುಲಿದ ಎರಡು ನಾಲ್ಕು ವಾರದಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಬರೋದು ನಿಜ. ಕೆಲವರಿಗೆ ಏನೂ ಬರಲ್ಲ. ಅದೇ ಜ್ವರ ಅದೇ ಗಂಟಲು ನೋವು ನಮ್ಮೂರಿನ ಅರ್ಧ ಜನಕ್ಕೆ ಮಳೆಗಾಲದಲ್ಲಿ ಇರುತ್ತೆ. ಲಕ್ಷಣ ನೋಡಿ ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಇದು ನನಗೆ ಬಾಯಿಪಾಠ ಆಗಿತ್ತು. ಬಾಯಿಪಾಠ ಆಗಿದ್ದರಿಂದ ರಾತ್ರಿ ಎರಡು ಗಂಟೆಗೆ ಏನೂ ಪ್ರಯೋಜನ ಆಗಲಿಲ್ಲ.

ಮೇಡಂ ಚೀಟಿಯಲ್ಲಿ ತಾರೀಖಿನ ಕೆಳಗೆ 14416 ಅಂತಲೂ ಬರೆದಿದ್ದರು. ಟೆಲಿ ಮಾನಸ್, ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು, ಹಿಂದೆ ನಿಮ್ಹಾನ್ಸ್ ಇದೆ. ದಿನದ 24 ಗಂಟೆಯೂ ತೆಗೀತಾರೆ, ಕನ್ನಡ ಆಯ್ಕೆ ಮಾಡಿಕೊಳ್ಳಬಹುದು. ಇದಕ್ಕೂ ಸೇರಿಸಿ ರಿವ್ಯೂ ಬರೆದುಬಿಡ್ತೀನಿ: ಫೋನ್ ತೆಗೆದವರು ಏನೂ ಆಗಲ್ಲ ಬಿಡಿ ಅನ್ನಲಿಲ್ಲ. ಅದೇ ನನಗೆ ಹಿಡಿಸಿತು. ಗೆಳೆಯರೆಲ್ಲ ಅದನ್ನೇ ಹೇಳ್ತಿದ್ದರು, ಅದು ಕಾಲು ಗಂಟೆ ಕೆಲಸ ಮಾಡ್ತಿತ್ತು. ಇವರು ದಿನಕ್ಕೆ ಎಷ್ಟು ಸಲ ಗಂಟು ಮುಟ್ಟಿ ನೋಡ್ತೀರಿ, ನೋಡಿದ ಮೇಲೆ ಎಷ್ಟು ಹೊತ್ತು ನಿರಾಳ ಇರುತ್ತೆ ಅಂತ ಕೇಳಿದರು. ಲೆಕ್ಕ ಹೇಳ್ತಾ ಹೇಳ್ತಾ ನನಗೇ ಗೊತ್ತಾಯ್ತು, ನೋಡಿದಷ್ಟೂ ನಿರಾಳ ಗಿಡ್ಡ ಆಗ್ತಿದೆ. ಚಿಂತೆ ಮಾಡಬೇಡಿ ಅಂತ ಅಂದುಕೊಳ್ಳೋದು ಬಿಡಿ, ಸಂಜೆ ಒಂದು ಅರ್ಧ ಗಂಟೆ ಚಿಂತೆಗೇ ಅಂತ ಇಟ್ಟುಬಿಡಿ, ಬೇರೆ ಹೊತ್ತಿನಲ್ಲಿ ಬಂದರೆ ಬರೆದಿಟ್ಟು ಸಂಜೆಗೆ ನೋಡೋಣ ಅಂತ ಮುಂದೂಡಿ ಅಂದರು. ಹಾಸ್ಯ ಅನಿಸಿತು. ಆದರೂ ಮಾಡಿದೆ. ಸಂಜೆ ಏಳೂವರೆಗೆ ಶಟರ್ ಅರ್ಧ ಇಳಿಸಿ, ಹಗಲೆಲ್ಲ ವೇಸ್ಟ್ ಪೇಪರಿನ ಹಿಂದೆ ಬರೆದಿಟ್ಟಿದ್ದನ್ನು ಓದ್ತಿದ್ದೆ. ಒಂದೇ ಪ್ರಶ್ನೆ ಹತ್ತು ರೀತಿಯಲ್ಲಿ ಇರ್ತಿತ್ತು. ಕೆಲವು ದಿನ ಅರ್ಧ ಗಂಟೆ ತುಂಬಿಸೋಕೆ ಸರಕೇ ಸಾಲದೆ ಹಾಳೆಗಳನ್ನು ಹರಿದು ಹಾಕಿ ಮನೆಗೆ ಹೋಗ್ತಿದ್ದೆ. ಎಲ್ಲ ರಾತ್ರಿಯೂ ನಿದ್ದೆ ಬಂತು ಅಂತ ಹೇಳಲ್ಲ. ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗೋಕೆ ಶುರು ಮಾಡಿದ ಮೇಲೆ ಪರವಾಗಿಲ್ಲ ಅನ್ನುವಷ್ಟು ಬಂತು.

ಈ ನಡುವೆ ಸಿಕ್ಕ ಇನ್ನೊಂದು ಆಮಿಷದ ಬಗ್ಗೆ ಒಂದು ಮಾತು. ಆರ್‌ಎನ್‌ಎ ಪಿಸಿಆರ್ ಮಾಡಿಸಿದರೆ ಬೇಗ ಗೊತ್ತಾಗುತ್ತೆ ಅಂತ ಓದಿ ಖಾಸಗಿಯಲ್ಲಿ ವಿಚಾರಿಸಿದೆ, ಸಾವಿರಾರು ರೂಪಾಯಿ. ಮೇಡಂಗೆ ಫೋನ್ ಮಾಡಿದರೆ, ಆ ವೈರಲ್ ಲೋಡ್ ಟೆಸ್ಟನ್ನು ಬಹುತೇಕ ಔಷಧಿ ತಗೊಳ್ತಿರುವವರ ಮೇಲೆ ಔಷಧಿ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ಬಳಸ್ತಾರೆ, ಅದು ನೆಗೆಟಿವ್ ಬಂದರೂ ಮೂರು ತಿಂಗಳ ಟೆಸ್ಟಿಗೆ ನೀವು ಬಂದೇ ಬರ್ತೀರಿ, ಆ ದುಡ್ಡಲ್ಲಿ ಅಮ್ಮನಿಗೊಂದು ಸೀರೆ ತಗೊಡಿ ಅಂದರು. ಸೀರೆ ತಗೊಂಡೆ. ಕಾರಣ ಕೇಳದೆ ಅಮ್ಮ ಇನ್ನೆರಡು ಜಾತಕ ತಂದರು.

ಆ ಮಂಗಳವಾರ ಹೋದಾಗ ಹನ್ನೆರಡನೇ ರೂಮಿನ ದಾರಿ ಯಾರನ್ನೂ ಕೇಳಬೇಕಾಗಲಿಲ್ಲ. ಅದೇ ರಿಜಿಸ್ಟರ್, ಅದೇ ನಂಬರ್. ನೆಗೆಟಿವ್. 90 ದಿನ ದಾಟಿದೆ, ನಡುವೆ ಹೊಸದೇನೂ ಆಗಿಲ್ಲ, ಇದು ಕೊನೆಯ ಉತ್ತರ ಅಂದರು. ಸಿಫಿಲಿಸ್ ಟೆಸ್ಟಿಗೂ ಬರೆದುಕೊಟ್ಟು ಲೈಂಗಿಕ ಕಾಯಿಲೆಗಳನ್ನು ನೋಡುವ ಸುರಕ್ಷಾ ಕ್ಲಿನಿಕ್ಕಿಗೆ ಕಳಿಸಿದರು, ಅದೂ ಅದೇ ಆವರಣದಲ್ಲಿ. ಎಚ್‌ಐವಿಯೊಂದನ್ನೇ ಹಿಡಕೊಂಡು ಅದಕ್ಕಿಂತ ಸುಲಭವಾಗಿ ತಗುಲುವ, ಸುಲಭವಾಗಿ ವಾಸಿಯಾಗುವ ಕಾಯಿಲೆಗಳನ್ನು ಜನ ಮರೀತಾರೆ ಅಂದರು. ಅದೂ ಸರಿಯಾಗಿತ್ತು.

ನಾನು ಕುರ್ಚಿಯಿಂದ ಏಳಲಿಲ್ಲ. ಇನ್ನೊಂದು ಸಲ, ಆರು ತಿಂಗಳಿಗೆ ಬರ್ಲಾ ಮೇಡಂ, ಸುಮ್ಮನೆ ಖಾತ್ರಿಗೆ ಅಂದೆ.

"ಬೇಡ."

ಉಚಿತ ಅಲ್ವಾ ಮೇಡಂ, ಬಂದರೆ ಏನು ಅಂದೆ.

"ಉಚಿತ ಅಂತಾನೇ ಬೇಡ ಅಂತಿರೋದು. ಇನ್ನು ನಿಮಗೆ ಬೇಕಿರೋದು ಈ ರೂಮಲ್ಲಿಲ್ಲ. ಹೊಸದಾಗಿ ಏನಾದ್ರೂ ಆದ್ರೆ ಬನ್ನಿ, ಬೈಯಲ್ಲ. ಇದಕ್ಕೇ ಆದ್ರೆ ಬರ್ಬೇಡಿ. ಆಗ್ಲೂ ತಲೇಲಿ ಓಡ್ತಾ ಇದ್ರೆ ಆ ಇನ್ನೊಂದು ನಂಬರಿಗೆ ಮಾಡಿ."

ಎಷ್ಟೋ ಅಂಗಡಿ ನೋಡಿದ್ದೀನಿ, ನಂದೂ ಅಂಗಡಿಯೇ. ಬಂದ ಗಿರಾಕಿಗೆ ಇನ್ನು ಬರಬೇಡ ಅನ್ನೋ ಕೌಂಟರ್ ಇದೊಂದೇ. ಖಾಸಗಿ ಲ್ಯಾಬಿನವರು ಇವತ್ತಿಗೂ ನನಗೆ ವಾಟ್ಸ್ಆ್ಯಪ್ ಕಳಿಸ್ತಾರೆ, ಮತ್ತೆ ಮಾಡಿಸಿ, ಇಷ್ಟು ರಿಯಾಯಿತಿ ಅಂತ. ನನಗೆ ಆಗ ಬೇಕಿದ್ದದ್ದು ಹೆಚ್ಚು ಟೆಸ್ಟ್ ಅಲ್ಲ, ಒಂದು ಸರಿಯಾದ ತಾರೀಖು, ಅದಾದ ಮೇಲೆ ಸಾಕು ಅನ್ನುವ ಒಬ್ಬ ಮನುಷ್ಯರು. ಎರಡೂ ಹನ್ನೆರಡನೇ ರೂಮಿನಲ್ಲಿ ಸಿಕ್ಕಿತು.

ಬೋರ್ಡನ್ನು ನಾನೇ ಮಾಡಿಕೊಡ್ತೀನಿ, ದುಡ್ಡು ಬೇಡ, ಗೇಟಿನಿಂದ ರೂಮಿನವರೆಗೆ ಬಾಣದ ಗುರುತು ಹಾಕಿಸ್ತೀನಿ ಅಂತ ಹೇಳಿ ನೋಡಿದೆ. ಹಾಗೆಲ್ಲ ತಗೊಳ್ಳೋಕೆ ಬರಲ್ಲ, ಮೇಲಿಂದ ಬರಬೇಕು, ಇಲ್ಲವೇ ಕೊಟೇಷನ್ ಕರೆದು ಮಾಡಿಸಬೇಕು ಅಂದರು ಮೇಡಂ. ಕೊಟೇಷನ್ ಕೊಟ್ಟು ಬಂದಿದ್ದೀನಿ. ಆಗೋವರೆಗೆ ಹೋಗುವವರಿಗೆ: ಮುಖ್ಯ ದ್ವಾರದ ಬಾಣ ನಂಬಬೇಡಿ, ಔಷಧಿ ಕಿಟಕಿಯ ಎಡಗಡೆ ಪ್ಯಾಸೇಜಿನಲ್ಲಿ ಕೊನೆಯವರೆಗೆ ಹೋಗಿ. ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಮೇಲೆ ರಕ್ತ ತಗೊಂಡರೆ ರಿಪೋರ್ಟಿಗೆ ಮಾರನೇ ದಿನ ಬನ್ನಿ ಅಂತಾರೆ. ಭಾನುವಾರ ರಜೆ. ಹಳೇ ರಿಪೋರ್ಟಿದ್ದರೆ ತಗೊಂಡು ಹೋಗಿ, ತಾರೀಖು ನೆನಪಿಟ್ಟುಕೊಂಡು ಹೋಗಿ. ಬೈಕನ್ನು ಆಂಬುಲೆನ್ಸ್ ದಾರಿಯಲ್ಲಿ ನಿಲ್ಲಿಸಬೇಡಿ, ಚೈನ್ ಹಾಕ್ತಾರೆ.